ಹದಿನೈದು ಜನರಲ್ಲಿ ಒಬ್ಬರು: ವಿಶ್ವ ರಗ್ಬಿಯ ‘ವರ್ಷದ ಆಟಗಾರ’ ಪ್ರಶಸ್ತಿಯ ಕುರಿತು

(ತುಮಕೂರಿನಲ್ಲಿ ದೈಹಿಕ ಶಿಕ್ಷಣದ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಅಧ್ಯಾಪಕ ಬಂಧುಗಳೇ, ವಿದ್ಯಾರ್ಥಿ ಮಿತ್ರರೇ,

ಕಬಡ್ಡಿ, ಕೊಕ್ಕೊ, ವಾಲಿಬಾಲ್ ಆಡಿ ಬೆಳೆದ ನಿಮ್ಮ ಮುಂದೆ ರಗ್ಬಿಯ ಬಗ್ಗೆ, ಅದರಲ್ಲೂ ರಗ್ಬಿಯ ಒಂದು ಪ್ರಶಸ್ತಿಯ ಬಗ್ಗೆ ಮಾತನಾಡುವುದಕ್ಕೆ ಒಂದು ಕಾರಣವಿದೆ. ನಿಮ್ಮಲ್ಲಿ ಹೆಚ್ಚಿನವರು ಇನ್ನು ಕೆಲವು ವರ್ಷಗಳಲ್ಲಿ ಶಿರಾ, ಪಾವಗಡ, ಮಧುಗಿರಿ, ಗುಬ್ಬಿ ಕಡೆಯ ಶಾಲೆಗಳಿಗೆ ದೈಹಿಕ ಶಿಕ್ಷಕರಾಗಿ ಹೋಗುತ್ತೀರಿ. ಹೋಬಳಿ ಮಟ್ಟದ, ತಾಲ್ಲೂಕು ಮಟ್ಟದ ಕ್ರೀಡಾಕೂಟಗಳಲ್ಲಿ ಸೀಟಿ ಹಿಡಿದು ನಿಲ್ಲುತ್ತೀರಿ, ಮತ್ತು ಸಂಜೆ ಬಹುಮಾನ ವಿತರಣೆಗೆ ಮೊದಲು ಯಾರಾದರೂ ನಿಮ್ಮ ಹತ್ತಿರ ಬಂದು, ‘ಸರ್, ಬೆಸ್ಟ್ ಪ್ಲೇಯರ್ ಯಾರು, ಹೆಸರು ಬರೆದುಕೊಡಿ’ ಎಂದು ಕೇಳುತ್ತಾರೆ. ಒಂದು ತಂಡ ಸೇರಿ ಆಡಿದ ಆಟದಲ್ಲಿ ಒಬ್ಬರ ಹೆಸರನ್ನು ಎತ್ತಿ ಹೇಳುವ ಈ ಕೆಲಸವನ್ನು ಜಗತ್ತಿನ ಮಟ್ಟದಲ್ಲಿ, ಅತ್ಯಂತ ಕಷ್ಟದ ಆಟವೊಂದರಲ್ಲಿ, 2001ರಿಂದ ಮಾಡಿಕೊಂಡು ಬಂದವರಿದ್ದಾರೆ. ಅವರು ಆರಿಸಿದ ಹೆಸರುಗಳ ಪಟ್ಟಿಯನ್ನು ಗಮನವಿಟ್ಟು ಓದಿದರೆ, ಆಡುವವರ ಬಗ್ಗೆ ತಿಳಿಯುವಷ್ಟೇ ನೋಡುವವರ ಕಣ್ಣಿನ ಬಗ್ಗೆಯೂ ತಿಳಿಯುತ್ತದೆ ಎಂಬುದು ನನ್ನ ನಂಬಿಕೆ. ಇಂದಿನ ಮಾತು ಆ ಓದಿನ ಸುತ್ತಲೇ ಇರುತ್ತದೆ.

ಮೊದಲಿಗೆ ಪ್ರಶಸ್ತಿಯ ಪರಿಚಯ. ರಗ್ಬಿಯನ್ನು ಜಗತ್ತಿನಾದ್ಯಂತ ನಡೆಸುವ ಸಂಸ್ಥೆ 1886ರಲ್ಲಿ ಹುಟ್ಟಿತು. ಬಹುಕಾಲ ಇಂಟರ್‌ನ್ಯಾಷನಲ್ ರಗ್ಬಿ ಬೋರ್ಡ್ ಎಂದು ಕರೆಸಿಕೊಂಡ ಈ ಸಂಸ್ಥೆಗೆ 2014ರಿಂದ ವರ್ಲ್ಡ್ ರಗ್ಬಿ ಎಂಬ ಹೆಸರು ಇದೆ. 1995ರವರೆಗೆ ಹದಿನೈದು ಜನರ ರಗ್ಬಿಯಲ್ಲಿ ಆಟಗಾರರಿಗೆ ಹಣ ಕೊಡುವುದು ನಿಯಮಕ್ಕೆ ವಿರುದ್ಧವಾಗಿತ್ತು. ಆ ವರ್ಷ ಆಟ ವೃತ್ತಿಪರವಾಯಿತು. ಅದಾಗಿ ಆರು ವರ್ಷಕ್ಕೆ, 2001ರಲ್ಲಿ, ಆ ವರ್ಷದ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅತ್ಯುತ್ತಮವಾಗಿ ಆಡಿದ ಪುರುಷ ಆಟಗಾರನಿಗೆ ವಾರ್ಷಿಕ ಪ್ರಶಸ್ತಿ ಆರಂಭವಾಯಿತು. ದೇಶಕ್ಕಾಗಿ ಆಡಿದ ಮಾಜಿ ಆಟಗಾರರು ಪ್ರಮುಖವಾಗಿರುವ ಸಮಿತಿ ಕೆಲವು ಹೆಸರುಗಳನ್ನು ಪಟ್ಟಿ ಮಾಡಿ, ಅವುಗಳಲ್ಲಿ ಒಂದನ್ನು ಆರಿಸುತ್ತದೆ. ಕೊರೊನಾದಿಂದ ಪಂದ್ಯಗಳು ನಿಂತುಹೋದ 2020ರಲ್ಲಿ ಮಾತ್ರ ವರ್ಷದ ಪ್ರಶಸ್ತಿಯನ್ನು ಕೊಡಲಿಲ್ಲ. ಅದರ ಬದಲು ದಶಕದ ಆಟಗಾರನನ್ನು ಆರಿಸಿ, ಆ ಗೌರವವನ್ನು ನ್ಯೂಜಿಲೆಂಡಿನ ರಿಚಿ ಮೆಕಾ ಅವರಿಗೆ ಸಲ್ಲಿಸಿದರು. ಹೀಗಾಗಿ 2001ರಿಂದ 2025ರವರೆಗೆ ಒಟ್ಟು 24 ಪ್ರಶಸ್ತಿಗಳಾಗಿವೆ. ಮಹಿಳಾ ಆಟಗಾರರಿಗೂ ಹೀಗೆಯೇ ಪ್ರತ್ಯೇಕ ಪ್ರಶಸ್ತಿ ಇದೆ, ಅದರ ಇತಿಹಾಸಕ್ಕೆ ಇನ್ನೊಂದು ಉಪನ್ಯಾಸವೇ ಬೇಕು.

ರಗ್ಬಿಯನ್ನು ಟಿವಿಯಲ್ಲಿ ಒಮ್ಮೆಯೂ ನೋಡದವರು ಇಲ್ಲಿ ಇರಬಹುದು. ಅವರಿಗಾಗಿ ಆಟದ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಒಂದು ತಂಡಕ್ಕೆ 15 ಜನ, ಪಂದ್ಯಕ್ಕೆ 80 ನಿಮಿಷ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಕಾಲಿನಿಂದ ಮುಂದಕ್ಕೆ ಒದೆಯಬಹುದು, ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಪಕ್ಕಕ್ಕೆ ಅಥವಾ ಹಿಂದಕ್ಕೆ ಮಾತ್ರ ಪಾಸ್ ಕೊಡಬೇಕು. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ಟ್ರೈ, ಐದು ಅಂಕ. ಅದರ ನಂತರದ ಕನ್ವರ್ಷನ್ ಒದೆತಕ್ಕೆ ಎರಡು. ಎದುರಾಳಿಯ ತಪ್ಪಿಗೆ ಸಿಗುವ ಪೆನಾಲ್ಟಿ ಒದೆತಕ್ಕೂ, ಆಟ ನಡೆಯುತ್ತಿರುವಾಗಲೇ ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿದೇಳುವಾಗ ಒದೆಯುವ ಡ್ರಾಪ್ ಗೋಲಿಗೂ ತಲಾ ಮೂರು. ಕಬಡ್ಡಿಯಲ್ಲಿ ರೈಡರ್‌ನನ್ನು ಹಿಡಿದು ಕೆಡವಿದರೆ ಅಲ್ಲಿಗೆ ಆ ರೈಡ್ ಮುಗಿಯಿತು. ರಗ್ಬಿಯಲ್ಲಿ ಹಿಡಿದು ಕೆಡವಿದ ಕ್ಷಣದಲ್ಲೇ ನಿಜವಾದ ಜಗಳ ಶುರು. ಬಿದ್ದವನು ಚೆಂಡನ್ನು ಬಿಡಬೇಕು, ಕೆಡವಿದವನು ಅವನನ್ನು ಬಿಟ್ಟು ಪಕ್ಕಕ್ಕೆ ಉರುಳಬೇಕು, ಆಮೇಲೆ ಕಾಲ ಮೇಲೆ ನಿಂತಿರುವವರು ಆ ಚೆಂಡಿಗಾಗಿ ಸೆಣಸಬೇಕು. ಇದಿಷ್ಟು ನೆನಪಿದ್ದರೆ ಸಾಕು, ಮುಂದಿನದು ಅರ್ಥವಾಗುತ್ತದೆ.

ಹದಿನೈದು ಜನರಲ್ಲಿ ಎಂಟು ಮಂದಿ ಫಾರ್ವರ್ಡ್‌ಗಳು, ಏಳು ಮಂದಿ ಬ್ಯಾಕ್‌ಗಳು. ಫಾರ್ವರ್ಡ್‌ಗಳಲ್ಲಿ ಮುಂದಿನ ಸಾಲಿನಲ್ಲಿ ಇಬ್ಬರು ಪ್ರಾಪ್‌ಗಳು, ಅವರ ನಡುವೆ ಹೂಕರ್. ಎರಡನೆಯ ಸಾಲಿನಲ್ಲಿ ಇಬ್ಬರು ಲಾಕ್‌ಗಳು. ಹಿಂದೆ ಇಬ್ಬರು ಫ್ಲ್ಯಾಂಕರ್‌ಗಳು ಮತ್ತು ‘ನಂಬರ್ 8’. ಬ್ಯಾಕ್‌ಗಳಲ್ಲಿ ಸ್ಕ್ರಮ್ ಹಾಫ್, ಫ್ಲೈ ಹಾಫ್, ಇಬ್ಬರು ಸೆಂಟರ್‌ಗಳು, ಇಬ್ಬರು ವಿಂಗರ್‌ಗಳು, ಕೊನೆಯಲ್ಲಿ ಫುಲ್‌ಬ್ಯಾಕ್. ಈ ಹೆಸರುಗಳನ್ನು ಹಿಡಿದುಕೊಂಡು 24 ಪ್ರಶಸ್ತಿಗಳನ್ನು ಹಂಚಿ ನೋಡಿದಾಗ ಬರುವ ಲೆಕ್ಕವೇ ನನ್ನನ್ನು ಈ ವಿಷಯದ ಕಡೆಗೆ ಎಳೆದದ್ದು. ಫ್ಲ್ಯಾಂಕರ್‌ಗಳಿಗೆ ಎಂಟು ಬಾರಿ ಬಂದಿದೆ. ಫ್ಲೈ ಹಾಫ್‌ಗಳಿಗೆ ಏಳು ಬಾರಿ. ಹೂಕರ್, ನಂಬರ್ 8, ಸ್ಕ್ರಮ್ ಹಾಫ್ ಮತ್ತು ವಿಂಗರ್‌ಗೆ ತಲಾ ಎರಡು. ಲಾಕ್‌ಗೆ ಒಂದೇ ಒಂದು ಸಲ, 2014ರಲ್ಲಿ ನ್ಯೂಜಿಲೆಂಡಿನ ಬ್ರೋಡಿ ರೆಟಾಲಿಕ್ ಅವರಿಗೆ. ಪ್ರಾಪ್‌ಗೆ, ಸೆಂಟರ್‌ಗೆ, ಫುಲ್‌ಬ್ಯಾಕ್‌ಗೆ ಈವರೆಗೆ ಒಮ್ಮೆಯೂ ಬಂದಿಲ್ಲ.

ಟ್ರೈ ಹೊಡೆಯುವುದು ಹೆಚ್ಚಾಗಿ ವಿಂಗರ್‌ಗಳು. ಗ್ಯಾಲರಿಯನ್ನು ಎದ್ದು ನಿಲ್ಲಿಸುವವರು ಅವರೇ. ಆದರೂ ಕಾಲು ಶತಮಾನದಲ್ಲಿ ಅವರಿಗೆ ಪ್ರಶಸ್ತಿ ಬಂದದ್ದು ಎರಡೇ ಸಲ: 2007ರಲ್ಲಿ ದಕ್ಷಿಣ ಆಫ್ರಿಕಾದ ಬ್ರಯಾನ್ ಹಬಾನಾ ಅವರಿಗೆ, 2008ರಲ್ಲಿ ವೇಲ್ಸ್‌ನ ಶೇನ್ ವಿಲಿಯಮ್ಸ್ ಅವರಿಗೆ. ಹಬಾನಾ ಆ ವರ್ಷದ ವಿಶ್ವಕಪ್‌ನಲ್ಲಿ ಎಂಟು ಟ್ರೈ ಹೊಡೆದು, 1999ರಲ್ಲಿ ಜೋನಾ ಲೋಮು ಸ್ಥಾಪಿಸಿದ್ದ ದಾಖಲೆಯನ್ನು ಸರಿಗಟ್ಟಿದ್ದರು. ವಿಲಿಯಮ್ಸ್ ಅವರ ಕತೆ ನಿಮ್ಮ ಶಾಲೆಗಳಲ್ಲಿ ಹೇಳುವಂಥದ್ದು. ಎತ್ತರ 1.70 ಮೀಟರ್, ರಗ್ಬಿಗೆ ಇಷ್ಟು ಸಣ್ಣ ಆಳು ಸಾಲದು ಎಂಬ ಮಾತನ್ನು ಕೇಳಿಕೊಂಡೇ ಬೆಳೆದವರು. 2003ರ ವಿಶ್ವಕಪ್ ತಂಡಕ್ಕೆ ಅವರನ್ನು ಸೇರಿಸಿಕೊಂಡದ್ದು ಮೂರನೆಯ ಸ್ಕ್ರಮ್ ಹಾಫ್ ಆಗಿ, ಅಂದರೆ ಬಹುತೇಕ ಬೆಂಚಿನ ಮೇಲೆ ಕೂರಿಸಲು. ಅಲ್ಲಿ ನ್ಯೂಜಿಲೆಂಡಿನ ವಿರುದ್ಧ ವಿಂಗ್‌ನಲ್ಲಿ ಸಿಕ್ಕ ಅವಕಾಶದಲ್ಲಿ ಅವರು ಆಡಿದ ರೀತಿಗೆ ಎಲ್ಲರೂ ಬೆರಗಾದರು. ಐದು ವರ್ಷಗಳ ನಂತರ ಜಗತ್ತಿನ ಅತ್ಯುತ್ತಮ ಆಟಗಾರ ಎನಿಸಿಕೊಂಡರು.

ಆದರೆ ಇವರಿಬ್ಬರು ಈ ಪಟ್ಟಿಯಲ್ಲಿ ಅಪವಾದಗಳು. ಪಟ್ಟಿಯ ಮುಖ್ಯ ಪ್ರವಾಹ ಹರಿಯುವುದು ಫ್ಲ್ಯಾಂಕರ್‌ಗಳ ಕಡೆಗೆ. ಅದು ಏಕೆ ಎಂದು ತಿಳಿಯಲು ರಿಚಿ ಮೆಕಾ ಅವರ ಆಟವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅವರು 2006, 2009 ಮತ್ತು 2010ರಲ್ಲಿ, ಒಟ್ಟು ಮೂರು ಬಾರಿ ಈ ಪ್ರಶಸ್ತಿ ಪಡೆದವರು. ನ್ಯೂಜಿಲೆಂಡಿಗಾಗಿ 148 ಟೆಸ್ಟ್ ಪಂದ್ಯ, ಅಂದರೆ ದೇಶ ದೇಶಗಳ ನಡುವಿನ ಪಂದ್ಯ, ಆಡಿದವರು. 2011 ಮತ್ತು 2015ರಲ್ಲಿ ವಿಶ್ವಕಪ್ ಎತ್ತಿದ ನಾಯಕ.

ಎದುರಾಳಿ ಓಡಿ ಬರುತ್ತಾನೆ, ಮೆಕಾ ತಂಡದ ಮತ್ತೊಬ್ಬ ಆತನನ್ನು ಸೊಂಟಕ್ಕೆ ಹಿಡಿದು ಕೆಡವುತ್ತಾನೆ. ಅವನು ನೆಲಕ್ಕೆ ತಾಗುವ ಹೊತ್ತಿಗೆ ಮೆಕಾ ಅಲ್ಲಿರುತ್ತಾರೆ. ಕಾಲು ಅಗಲಿಸಿ, ಬೆನ್ನು ಬಾಗಿಸಿ, ಎರಡೂ ಕೈಗಳನ್ನು ಚೆಂಡಿನ ಮೇಲೆ ಹಾಕುತ್ತಾರೆ. ಈ ಸಮಯದಲ್ಲಿ ಅವರು ತಮ್ಮ ದೇಹದ ಭಾರವನ್ನು ತಮ್ಮ ಕಾಲಿನ ಮೇಲೆಯೇ ಹೊತ್ತಿರಬೇಕು. ಬಿದ್ದವನ ಮೇಲೆ ಒರಗಿದರೆ ತಪ್ಪು, ಮಂಡಿ ಊರಿದರೆ ತಪ್ಪು, ಪಕ್ಕದಿಂದ ನುಸುಳಿ ಬಂದರೂ ತಪ್ಪು. ಎದುರಿನಿಂದ ನೂರು, ನೂರಿಪ್ಪತ್ತು ಕಿಲೋ ತೂಗುವ ಇಬ್ಬರು ಓಡಿಬಂದು ಅವರನ್ನು ಗುದ್ದಿ ಎತ್ತಿಹಾಕಲು ನೋಡುತ್ತಾರೆ. ಅವರು ಬಂದು ಗುದ್ದುವ ಮೊದಲು ಸಿಗುವ ಕಾಲ ಒಂದೆರಡು ಸೆಕೆಂಡು. ಅಷ್ಟರಲ್ಲಿ ಚೆಂಡು ಕೈಗೆ ಬಂದರೆ ಅದು ತನ್ನ ತಂಡದ್ದು. ಬಿದ್ದವನು ಚೆಂಡನ್ನು ಬಿಡದೆ ಬಿಗಿಹಿಡಿದರೆ ಪೆನಾಲ್ಟಿ. ಎರಡರಲ್ಲಿ ಯಾವುದಾದರೂ ಮೆಕಾ ತಂಡಕ್ಕೆ ಲಾಭವೇ. ಸ್ಕೋರ್‌ಬೋರ್ಡಿನಲ್ಲಿ ಈ ಕೆಲಸದ ಪಕ್ಕದಲ್ಲಿ ಯಾರ ಹೆಸರೂ ಬರುವುದಿಲ್ಲ. ಆದರೆ ಎದುರಾಳಿಯ ದಾಳಿ ಅಲ್ಲಿಗೆ ಸತ್ತುಹೋಗಿರುತ್ತದೆ. ಮೆಕಾ ನಿಯಮದ ಅಂಚಿನಲ್ಲಿ ಆಡುತ್ತಾರೆ, ಕೆಲವೊಮ್ಮೆ ಅಂಚಿನ ಆಚೆಗೂ ಹೋಗುತ್ತಾರೆ ಎಂದು ಎದುರಾಳಿಗಳು ವೃತ್ತಿಜೀವನದ ಉದ್ದಕ್ಕೂ ದೂರಿದರು. ನಿಯಮ ಪುಸ್ತಕವನ್ನೂ ಆಯಾ ದಿನದ ರೆಫರಿಯ ಮನಸ್ಸನ್ನೂ ಓದಿಕೊಂಡು ಆಡುವುದು ಕೂಡ ಒಂದು ದೊಡ್ಡ ಕೌಶಲ ಎಂದೇ ನಾನು ಭಾವಿಸುತ್ತೇನೆ.

ಇಂಥ ಕೆಲಸವನ್ನು ಗುರುತಿಸಲು ಆಡಿದವರ ಕಣ್ಣೇ ಬೇಕು. ಆಯ್ಕೆ ಸಮಿತಿಯಲ್ಲಿ ಮಾಜಿ ಆಟಗಾರರು ಕೂತಿರುವುದರ ಫಲ ಇದು ಎಂದು ನನಗೆ ಅನ್ನಿಸುತ್ತದೆ. ನಮ್ಮ ಊರಿನ ಕಬಡ್ಡಿ ಟೂರ್ನಿಗಳಲ್ಲಿ ಬೆಸ್ಟ್ ರೈಡರ್, ಬೆಸ್ಟ್ ಡಿಫೆಂಡರ್, ಆಲ್‌ರೌಂಡರ್ ಎಂದು ಬಹುಮಾನಗಳನ್ನು ಬೇರೆ ಬೇರೆ ಮಾಡಿದ್ದಾರೆ. ಅದು ಒಳ್ಳೆಯ ಪದ್ಧತಿ. ರಗ್ಬಿಯ ಈ ಪ್ರಶಸ್ತಿಯಲ್ಲಿ ಅಂಥ ವಿಂಗಡಣೆ ಇಲ್ಲ. ಒಂದೇ ಹೆಸರು ಹೇಳಬೇಕು. ಹಾಗಿದ್ದೂ ಹಿಡಿಯುವವರಿಗೆ, ಕಸಿಯುವವರಿಗೆ ಎಂಟು ಸಲ ಮಣೆ ಹಾಕಿದ್ದಾರೆ ಎಂಬುದನ್ನು ನಾನು ಸಣ್ಣ ವಿಷಯ ಎಂದುಕೊಳ್ಳುವುದಿಲ್ಲ.

ಈ ಕಣ್ಣು ಕೆಲವೊಮ್ಮೆ ತಡವಾಗಿ ತೆರೆದದ್ದೂ ಉಂಟು. ಫ್ರಾನ್ಸಿನ ಫ್ಲ್ಯಾಂಕರ್ ತಿಯೆರಿ ದುಸೊತ್ವಾರ್ ಅವರನ್ನು ತೆಗೆದುಕೊಳ್ಳಿ. ಅವರು ಹುಟ್ಟಿದ್ದು ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನ ಆಬಿಜಾನ್‌ನಲ್ಲಿ. 2007ರ ವಿಶ್ವಕಪ್ ತಂಡಕ್ಕೆ ಮೊದಲು ಆಯ್ಕೆಯೇ ಆಗಿರಲಿಲ್ಲ. ಬೇರೊಬ್ಬರು ಗಾಯಗೊಂಡಾಗ ಸೇರಿಕೊಂಡವರು. ಕಾರ್ಡಿಫ್‌ನಲ್ಲಿ ನಡೆದ ಕ್ವಾರ್ಟರ್ ಫೈನಲ್‌ನಲ್ಲಿ, ಗೆಲ್ಲುವುದು ಖಚಿತ ಎಂದೇ ಎಲ್ಲರೂ ತಿಳಿದಿದ್ದ ನ್ಯೂಜಿಲೆಂಡನ್ನು ಫ್ರಾನ್ಸ್ 20–18ರಿಂದ ಸೋಲಿಸಿತು. ಆ ದಿನ ದುಸೊತ್ವಾರ್ ಒಬ್ಬರೇ 38 ಟ್ಯಾಕಲ್ ಮಾಡಿದರು. ಇಡೀ ನ್ಯೂಜಿಲೆಂಡ್ ತಂಡ ಮಾಡಿದ ಟ್ಯಾಕಲ್‌ಗಳು 36. ಒಂದು ಟ್ಯಾಕಲ್ ಎಂದರೆ ಓಡಿ ಬರುವ ನೂರು ಕಿಲೋ ದೇಹಕ್ಕೆ ಹೆಗಲು ಕೊಟ್ಟು, ಅದನ್ನು ನೆಲಕ್ಕೆ ಕೆಡವಿ, ತಾನೂ ಬಿದ್ದು, ಮತ್ತೆ ಎದ್ದು ಸಾಲಿಗೆ ಓಡಿ ನಿಲ್ಲುವುದು. ಸರಾಸರಿ ನೋಡಿದರೆ ಎರಡು ನಿಮಿಷಕ್ಕೊಂದರಂತೆ ಎಂಬತ್ತು ನಿಮಿಷ ಇದನ್ನು ಮಾಡಿದ್ದಲ್ಲದೆ ಅವರು ಒಂದು ಟ್ರೈ ಕೂಡ ಹೊಡೆದರು. ಆ ವರ್ಷದ ಪ್ರಶಸ್ತಿ ಹಬಾನಾ ಅವರಿಗೆ ಹೋಯಿತು; ಅದರಲ್ಲಿ ಅನ್ಯಾಯವೇನೂ ಇಲ್ಲ, ಅವರ ತಂಡ ಕಪ್ ಗೆದ್ದಿತ್ತು. ದುಸೊತ್ವಾರ್ ಅವರಿಗೆ ಪ್ರಶಸ್ತಿ ಬಂದದ್ದು ನಾಲ್ಕು ವರ್ಷ ಬಿಟ್ಟು, 2011ರಲ್ಲಿ.

ಅದು ಬಂದ ಬಗೆಯೇ ಈ ಪಟ್ಟಿಯ ಅತ್ಯಂತ ಸುಂದರವಾದ ಸಂಗತಿಗಳಲ್ಲಿ ಒಂದು. 2011ರ ಫೈನಲ್‌ನಲ್ಲಿ ಫ್ರಾನ್ಸ್ ನ್ಯೂಜಿಲೆಂಡಿಗೆ 7–8ರಿಂದ ಸೋತಿತು. ಒಂದೇ ಅಂಕ. ನಾಯಕರಾಗಿದ್ದ ದುಸೊತ್ವಾರ್ ತಮ್ಮ ತಂಡದ ಏಕೈಕ ಟ್ರೈ ಹೊಡೆದು, ಸೋತ ತಂಡದಲ್ಲಿದ್ದೂ ಪಂದ್ಯಶ್ರೇಷ್ಠರಾದರು, ನಂತರ ವರ್ಷದ ಆಟಗಾರರೂ ಆದರು. ವಿಶ್ವಕಪ್ ನಡೆದ ವರ್ಷಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಇನ್ನೊಂದು ಅಂಶ ಕಾಣುತ್ತದೆ. 2003, 2007, 2015, 2019, ಈ ನಾಲ್ಕು ವರ್ಷ ಪ್ರಶಸ್ತಿ ಕಪ್ ಗೆದ್ದ ತಂಡಕ್ಕೇ ಹೋಗಿದೆ. 2011 ಮತ್ತು 2023, ಈ ಎರಡು ವರ್ಷ ಫೈನಲ್‌ನಲ್ಲಿ ಸೋತ ತಂಡಕ್ಕೆ ಹೋಗಿದೆ. ಆ ಎರಡೂ ಫೈನಲ್‌ಗಳು ಒಂದೇ ಅಂಕದ ಅಂತರದಲ್ಲಿ ತೀರ್ಮಾನವಾದವು.

2023ರ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ 12–11ರಿಂದ ನ್ಯೂಜಿಲೆಂಡನ್ನು ಸೋಲಿಸಿತು. ನ್ಯೂಜಿಲೆಂಡಿನ ನಾಯಕ ಸ್ಯಾಮ್ ಕೇನ್ ಅವರಿಗೆ ಮೊದಲಾರ್ಧದಲ್ಲೇ ಕೆಂಪು ಕಾರ್ಡ್ ಸಿಕ್ಕಿ, ತಂಡ ಹದಿನಾಲ್ಕು ಜನರೊಂದಿಗೆ ಉಳಿದ ಆಟ ಆಡಬೇಕಾಯಿತು. ಆ ಹೊತ್ತಿನಲ್ಲಿ ಮುಂದೆ ನಿಂತು ತಂಡವನ್ನು ಹಿಡಿದಿಟ್ಟವರಲ್ಲಿ ನಂಬರ್ 8 ಆರ್ಡಿ ಸವೇಯಾ ಪ್ರಮುಖರು. ವರ್ಷದ ಆಟಗಾರ ಎಂದು ಅವರ ಹೆಸರನ್ನು ಕರೆದರು. ಆದರೆ ಆ ಫೈನಲ್‌ನ ಪಂದ್ಯಶ್ರೇಷ್ಠರು ದಕ್ಷಿಣ ಆಫ್ರಿಕಾದ ಫ್ಲ್ಯಾಂಕರ್ ಪೀಟರ್-ಸ್ಟೆಫ್ ಡು ಟೋಯ್. 28 ಟ್ಯಾಕಲ್ ಮಾಡಿದ್ದರು. ಅವರು 2019ರಲ್ಲಿ ಈ ಪ್ರಶಸ್ತಿ ಪಡೆದಿದ್ದರು, ಮರುವರ್ಷ ಫೆಬ್ರುವರಿಯಲ್ಲಿ ಒಂದು ಪಂದ್ಯದಲ್ಲಿ ಎಡಗಾಲಿಗೆ ಬಿದ್ದ ಏಟಿನಿಂದ ಒಳಗೆ ರಕ್ತ ತುಂಬಿಕೊಂಡು, ಕಾಲನ್ನೇ ಕಳೆದುಕೊಳ್ಳುವ ಹಂತಕ್ಕೆ ಹೋಗಿ ಶಸ್ತ್ರಚಿಕಿತ್ಸೆಯಿಂದ ಉಳಿದಿದ್ದರು. ಅದೇ ಕಾಲಿನ ಮೇಲೆ ನಿಂತು 28 ಟ್ಯಾಕಲ್. 2024ರಲ್ಲಿ ಎರಡನೆಯ ಬಾರಿ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು.

ಈಗ ಫ್ಲೈ ಹಾಫ್‌ಗಳ ಕಡೆಗೆ ಬರೋಣ. ತಂಡದ ಆಟ ಯಾವ ದಿಕ್ಕಿಗೆ ಹೋಗಬೇಕು ಎಂದು ತೀರ್ಮಾನಿಸುವವರು ಇವರು. ಸಾಮಾನ್ಯವಾಗಿ ಪೆನಾಲ್ಟಿ, ಕನ್ವರ್ಷನ್‌ಗಳನ್ನು ಒದೆಯುವವರೂ ಇವರೇ. ಇವರಿಗೆ ಏಳು ಬಾರಿ ಪ್ರಶಸ್ತಿ ಬಂದದ್ದು ಸಹಜ. ನ್ಯೂಜಿಲೆಂಡಿನ ಡ್ಯಾನ್ ಕಾರ್ಟರ್ ಮೂರು ಬಾರಿ, ಬೋಡನ್ ಬ್ಯಾರೆಟ್ ಎರಡು ಬಾರಿ, ಇಂಗ್ಲೆಂಡಿನ ಜಾನಿ ವಿಲ್ಕಿನ್ಸನ್ ಮತ್ತು ಐರ್ಲೆಂಡಿನ ಜಾನಿ ಸೆಕ್ಸ್ಟನ್ ಒಂದೊಂದು ಬಾರಿ ಪಡೆದರು. ಇಲ್ಲಿ ನಾನು ಒಂದು ಒದೆತವನ್ನು ಮಾತ್ರ ಬಿಡಿಸಿ ಹೇಳುತ್ತೇನೆ, ಏಕೆಂದರೆ ಒಬ್ಬರಿಗೆ ಕೊಟ್ಟ ಪ್ರಶಸ್ತಿಯ ಹಿಂದೆ ಎಷ್ಟು ಕೈಗಳಿರುತ್ತವೆ ಎಂಬುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

2003ರ ನವೆಂಬರ್ 22, ಸಿಡ್ನಿ, ವಿಶ್ವಕಪ್ ಫೈನಲ್. ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾ ಹೆಚ್ಚುವರಿ ಸಮಯದ ಕೊನೆಯಲ್ಲಿ 17–17ರಲ್ಲಿವೆ. ಉಳಿದಿರುವುದು ಒಂದು ನಿಮಿಷದ ಆಸುಪಾಸು. ಇಂಗ್ಲೆಂಡಿಗೆ ಲೈನ್‌ಔಟ್ ಸಿಗುತ್ತದೆ, ಅಂದರೆ ಬದಿಯ ಗೆರೆಯಿಂದ, ಎರಡೂ ತಂಡಗಳ ಆಟಗಾರರು ನಿಂತ ಸಾಲುಗಳ ನಡುವೆ ಚೆಂಡು ಎಸೆಯುವ ಅವಕಾಶ. ಹೂಕರ್ ಸ್ಟೀವ್ ಥಾಂಪ್ಸನ್ ಚೆಂಡನ್ನು ಸುರಕ್ಷಿತವಾಗಿ ಹತ್ತಿರಕ್ಕೆ ಎಸೆಯದೆ ಸಾಲಿನ ತುದಿಗೆ ಉದ್ದಕ್ಕೆ ಎಸೆಯುತ್ತಾರೆ. ತಪ್ಪಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಫ್ಲ್ಯಾಂಕರ್ ಲೂಯಿಸ್ ಮೂಡಿ ಮೇಲಕ್ಕೆ ಹಾರಿ ಅದನ್ನು ಹಿಡಿಯುತ್ತಾರೆ. ಮೈಕ್ ಕ್ಯಾಟ್ ಚೆಂಡು ಹಿಡಿದು ನೇರವಾಗಿ ಎದುರಾಳಿಗಳ ಗುಂಪಿಗೆ ನುಗ್ಗುತ್ತಾರೆ. ಸ್ಕ್ರಮ್ ಹಾಫ್ ಮ್ಯಾಟ್ ಡಾಸನ್ ಸಣ್ಣ ಸಂದು ಕಂಡು ಹದಿನೈದಿಪ್ಪತ್ತು ಮೀಟರ್ ಓಡಿ, ಟ್ಯಾಕಲ್‌ಗೆ ಸಿಕ್ಕಿ ಗುಂಪಿನ ಅಡಿಗೆ ಬೀಳುತ್ತಾರೆ. ವಿಲ್ಕಿನ್ಸನ್ ಆಗಲೇ ಒದೆಯಬಹುದಾದ ದೂರದಲ್ಲಿ ಇದ್ದಾರೆ, ಆದರೆ ಚೆಂಡನ್ನು ಕರಾರುವಾಕ್ಕಾಗಿ ಪಾಸ್ ಮಾಡಬೇಕಾದ ಡಾಸನ್ ಅಡಿಯಲ್ಲಿ ಸಿಕ್ಕಿಕೊಂಡಿದ್ದಾರೆ. ಆಗ ನಾಯಕ ಮಾರ್ಟಿನ್ ಜಾನ್ಸನ್ ಚೆಂಡನ್ನು ತಾವೇ ತೆಗೆದುಕೊಂಡು ಮತ್ತೊಮ್ಮೆ ಎದುರಾಳಿಗಳಿಗೆ ಡಿಕ್ಕಿ ಹೊಡೆದು ಬೀಳುತ್ತಾರೆ. ಅದರಿಂದ ತಂಡ ಮುಂದೆ ಹೋದದ್ದು ಒಂದೆರಡು ಮೀಟರ್ ಇರಬಹುದು. ಸಿಕ್ಕಿದ್ದು ಡಾಸನ್ ಎದ್ದು ತಮ್ಮ ಜಾಗಕ್ಕೆ ಬರಲು ಬೇಕಾದ ನಾಲ್ಕಾರು ಸೆಕೆಂಡು. ಡಾಸನ್ ಬರುತ್ತಾರೆ, ಪಾಸ್ ಕೊಡುತ್ತಾರೆ, ಎಡಗಾಲಿನ ಆಟಗಾರರಾದ ವಿಲ್ಕಿನ್ಸನ್ ಬಲಗಾಲಿನಿಂದ ಡ್ರಾಪ್ ಗೋಲ್ ಒದೆಯುತ್ತಾರೆ. 20–17.

ವಿಲ್ಕಿನ್ಸನ್ ಅವರಿಗೆ ಆ ವರ್ಷದ ಪ್ರಶಸ್ತಿ ಬಂತು. ಆ ಒದೆತದ ಚಿತ್ರ ಇಂದಿಗೂ ಜಗತ್ತಿಗೆ ನೆನಪಿದೆ. ಜಾನ್ಸನ್ ಅವರ ಡಿಕ್ಕಿ ರಗ್ಬಿ ಬಲ್ಲವರಿಗೆ ಮಾತ್ರ ನೆನಪಿದೆ. ಅವರು ಲಾಕ್ ಸ್ಥಾನದವರು. ಲಾಕ್‌ಗೆ ಈ ಪ್ರಶಸ್ತಿ ಬರಲು ಇನ್ನೂ ಹನ್ನೊಂದು ವರ್ಷ ಬೇಕಾಯಿತು. ವಿಲ್ಕಿನ್ಸನ್ ಅವರ ಆಯ್ಕೆಯ ಬಗ್ಗೆ ನನಗೆ ಎಳ್ಳಷ್ಟೂ ತಕರಾರಿಲ್ಲ. ಬಾಲ್ಯದಿಂದಲೂ ಎರಡೂ ಕಾಲಿನಿಂದ ಒದೆಯುವುದನ್ನು ಕಲಿತವರಿಗೆ ಮಾತ್ರ ಅಂಥ ಕ್ಷಣದಲ್ಲಿ ಬಲಹೀನ ಕಾಲನ್ನು ನಂಬುವ ಧೈರ್ಯ ಬರುತ್ತದೆ. ಕಾರ್ಟರ್ ಕೂಡ ಎಡಗಾಲಿನವರು. 2015ರ ಫೈನಲ್‌ನಲ್ಲಿ ನ್ಯೂಜಿಲೆಂಡ್ ಆಸ್ಟ್ರೇಲಿಯಾವನ್ನು 34–17ರಿಂದ ಸೋಲಿಸಿದಾಗ, ದೇಶಕ್ಕಾಗಿ ತಮ್ಮ ಕೊನೆಯ ಪಂದ್ಯವಾಡುತ್ತಿದ್ದ ಅವರು 19 ಅಂಕ ಗಳಿಸಿ, ಕಟ್ಟಕಡೆಯ ಕನ್ವರ್ಷನ್ನನ್ನು ಬಲಗಾಲಿನಿಂದ ಒದ್ದರು. ನಾಲ್ಕು ವರ್ಷಗಳ ಹಿಂದೆ ತಮ್ಮ ದೇಶದಲ್ಲೇ ನಡೆದ ವಿಶ್ವಕಪ್‌ನಲ್ಲಿ ತೊಡೆಸಂದಿನ ಗಾಯದಿಂದ ಅರ್ಧಕ್ಕೇ ಹೊರಬಿದ್ದು, ತಂಡ ಕಪ್ ಗೆಲ್ಲುವುದನ್ನು ಬದಿಯಲ್ಲಿ ಕೂತು ನೋಡಿದ್ದವರು ಅವರು. 2005, 2012, 2015 ಎಂದು ಹತ್ತು ವರ್ಷಗಳ ಉದ್ದಕ್ಕೆ ಹರಡಿರುವ ಅವರ ಮೂರು ಪ್ರಶಸ್ತಿಗಳನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ.

ದೇಶಗಳ ಲೆಕ್ಕ ಬೇಗ ಮುಗಿಯುತ್ತದೆ. ನ್ಯೂಜಿಲೆಂಡಿಗೆ 11, ದಕ್ಷಿಣ ಆಫ್ರಿಕಾಕ್ಕೆ ಐದು, ಐರ್ಲೆಂಡ್ ಮತ್ತು ಫ್ರಾನ್ಸಿಗೆ ಮೂರು ಮೂರು, ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಒಂದೊಂದು. 2012ರಿಂದ 2017ರವರೆಗೆ ಸತತ ಆರು ವರ್ಷ ನ್ಯೂಜಿಲೆಂಡಿನವರೇ ಗೆದ್ದರು. ಎರಡು ಬಾರಿ ವಿಶ್ವಕಪ್ ಗೆದ್ದ ಆಸ್ಟ್ರೇಲಿಯಾದ ಒಬ್ಬರ ಹೆಸರೂ ಇಲ್ಲ ಎಂಬುದು ಅಚ್ಚರಿ ತರುತ್ತದೆ. ಚೆಂಡು ಕಸಿಯುವುದರಲ್ಲಿ ಮೆಕಾ ಅವರಿಗೆ ಸರಿಸಾಟಿಯಾಗಿದ್ದ ಡೇವಿಡ್ ಪೋಕಾಕ್ ಒಂದಕ್ಕಿಂತ ಹೆಚ್ಚು ಬಾರಿ ಅಂತಿಮ ಪಟ್ಟಿಗೆ ಬಂದು ಹಿಂದಿರುಗಿದರು.

ಇದಕ್ಕಿಂತಲೂ ನನ್ನ ಮನಸ್ಸಿಗೆ ನಾಟುವುದು ಇಟಲಿಯ ಸೆರ್ಜಿಯೊ ಪರೀಸೆ ಅವರ ವಿಷಯ. ನಂಬರ್ 8 ಸ್ಥಾನದಲ್ಲಿ ಇಟಲಿಗಾಗಿ 142 ಟೆಸ್ಟ್ ಆಡಿದರು. ಅವುಗಳಲ್ಲಿ ಬಹುಪಾಲು ಪಂದ್ಯಗಳಲ್ಲಿ ತಂಡ ಸೋತಿತು. ಅವರ ಹೆಸರು ಅಂತಿಮ ಪಟ್ಟಿಗೆ ಬಂದದ್ದೇ ಅವರ ಹಿರಿಮೆಗೆ ಸಾಕ್ಷಿ, ಆದರೆ ಅದಕ್ಕಿಂತ ಮುಂದೆ ಹೋಗಲಿಲ್ಲ. ಸೋತ ತಂಡದವರಿಗೂ ಈ ಪ್ರಶಸ್ತಿ ಬರುತ್ತದೆ ಎಂದು ಆಗಲೇ ಹೇಳಿದೆ. ಆದರೆ ಅದು ಫೈನಲ್‌ನಲ್ಲಿ ಒಂದು ಅಂಕದಿಂದ ಸೋತವರ ಮಾತು. ವರ್ಷಪೂರ್ತಿ ಸೋಲುವ ತಂಡದಲ್ಲಿ ಹೆಗಲು ತಗ್ಗಿಸದೆ ಆಡಿದವರನ್ನು ಈ ಪಟ್ಟಿ ಇನ್ನೂ ಒಳಗೆ ಕರೆದಿಲ್ಲ. ಫಿಜಿ, ಸಮೋವಾ, ಟೊಂಗಾದಂಥ ದ್ವೀಪಗಳು ಜಗತ್ತಿಗೆ ಎಷ್ಟೊಂದು ಆಟಗಾರರನ್ನು ಕೊಟ್ಟರೂ ಆ ತಂಡಗಳ ಅಂಗಿ ತೊಟ್ಟವರಿಗೆ ಒಮ್ಮೆಯೂ ಬಂದಿಲ್ಲ. ಇದನ್ನು ನಾನು ಕೊರತೆ ಎಂದೇ ಕರೆಯುತ್ತೇನೆ. ದೊಡ್ಡ ತಂಡಗಳ ವಿರುದ್ಧ ವರ್ಷಕ್ಕೆ ಬೆರಳೆಣಿಕೆಯ ಪಂದ್ಯ ಸಿಗುವ ದೇಶದ ಆಟಗಾರನನ್ನು, ಹತ್ತು ಹನ್ನೆರಡು ದೊಡ್ಡ ಪಂದ್ಯ ಆಡುವವರ ಜೊತೆ ಒಂದೇ ತಕ್ಕಡಿಯಲ್ಲಿ ತೂಗಿದರೆ ಹೀಗಾಗದೆ ಬೇರೆ ದಾರಿಯಿಲ್ಲ.

ಸೆಂಟರ್‌ಗಳಿಗೆ ಬರಲಿಲ್ಲ ಎಂದೆ. ಐರ್ಲೆಂಡಿನ ಬ್ರಯನ್ ಒ’ಡ್ರಿಸ್ಕಾಲ್ ಅವರಂಥ ಸೆಂಟರ್ ಕೂಡ ನಾಮನಿರ್ದೇಶನಕ್ಕೆ ತೃಪ್ತರಾಗಬೇಕಾಯಿತು. ಆಟದ ನಡುವಿನಲ್ಲಿ ನಿಂತು, ಫ್ಲೈ ಹಾಫ್ ಹೂಡಿದ ಆಟವನ್ನು ವಿಂಗರ್‌ಗೆ ಮುಟ್ಟಿಸುವ ಈ ಸ್ಥಾನದವರ ಶ್ರೇಯಸ್ಸು ಎರಡೂ ಕಡೆಗೆ ಹಂಚಿಹೋಗುತ್ತದೆ.

ಸ್ಕ್ರಮ್ ಹಾಫ್‌ಗಳ ಎರಡೂ ಪ್ರಶಸ್ತಿಗಳು ಫ್ರಾನ್ಸಿನವು. 2002ರಲ್ಲಿ ಫಾಬಿಯೆನ್ ಗಾಲ್ತಿಯೆ, 2021ರಲ್ಲಿ ಆಂತ್ವಾನ್ ಡುಪಾಂ. ಡುಪಾಂ ಪ್ರಶಸ್ತಿ ಪಡೆಯುವ ಹೊತ್ತಿಗೆ ಫ್ರಾನ್ಸ್ ತಂಡದ ತರಬೇತುದಾರರು ಇದೇ ಗಾಲ್ತಿಯೆ ಆಗಿದ್ದರು. ತಾನು ಆಡಿದ ಸ್ಥಾನದಲ್ಲೇ ಆಡುವ ಹುಡುಗನನ್ನು ತಿದ್ದಿ ತಾನು ಏರಿದ ಎತ್ತರಕ್ಕೆ ಏರಿಸುವ ಭಾಗ್ಯ ಎಲ್ಲ ಗುರುಗಳಿಗೂ ಸಿಗುವುದಿಲ್ಲ. ಡುಪಾಂ ಅಷ್ಟಕ್ಕೆ ನಿಲ್ಲದೆ ಏಳು ಜನರ ರಗ್ಬಿಗೆ ಇಳಿದು, 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಫೈನಲ್‌ನಲ್ಲಿ ಫಿಜಿಯನ್ನು 28–7ರಿಂದ ಸೋಲಿಸಿದ ಫ್ರಾನ್ಸ್ ತಂಡದಲ್ಲಿ ಚಿನ್ನ ಗೆದ್ದು, ಆ ವರ್ಷದ ಸೆವೆನ್ಸ್ ಆಟಗಾರ ಪ್ರಶಸ್ತಿಯನ್ನೂ ಪಡೆದರು.

ಸೆವೆನ್ಸ್ ಎಂದಾಗ ನಮ್ಮ ದೇಶದ ಮಾತನ್ನೂ ಸೇರಿಸಬೇಕು. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ಮೊದಲ ಬಾರಿಗೆ ನಡೆದಾಗ ಅದು ಏಳು ಜನರ ಆಟವೇ ಆಗಿತ್ತು, ಆರು ತಂಡಗಳಲ್ಲಿ ಬೆಂಗಳೂರಿನ ಹೆಸರಿನ ತಂಡವೂ ಇತ್ತು. ಭಾರತಕ್ಕೂ ರಗ್ಬಿಗೂ ಇರುವ ನಂಟು ಇದಕ್ಕಿಂತ ಬಹಳ ಹಳೆಯದು. 1870ರ ದಶಕದಲ್ಲಿ ಕಲ್ಕತ್ತಾದಲ್ಲಿದ್ದ ರಗ್ಬಿ ಕ್ಲಬ್ಬೊಂದು ಮುಚ್ಚಿದಾಗ, ಅದರ ಸದಸ್ಯರು ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಒಂದು ಕಪ್ ಮಾಡಿಸಿದರು. ಮೂರು ಹಾವುಗಳೇ ಅದರ ಹಿಡಿಗಳು, ಮುಚ್ಚಳದ ಮೇಲೊಂದು ಆನೆ. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಆಡುತ್ತಿರುವುದು ಆ ಕಲ್ಕತ್ತಾ ಕಪ್‌ಗಾಗಿಯೇ.

ಕೊನೆಯದಾಗಿ ಹೂಕರ್‌ಗಳ ಬಗ್ಗೆ. ಹೂಕರ್‌ನ ಕೆಲಸ ಬಹಳ ಕಠಿಣ. ಸ್ಕ್ರಮ್‌ನಲ್ಲಿ ಎಂಟು ಜನ ಎಂಟು ಜನರ ವಿರುದ್ಧ ತಲೆ ತಗ್ಗಿಸಿ ತಳ್ಳುವಾಗ, ಎರಡೂ ತೋಳುಗಳನ್ನು ಪಕ್ಕದ ಪ್ರಾಪ್‌ಗಳ ಮೇಲೆ ಚಾಚಿ ಹಿಡಿದು ನಡುವೆ ನಿಂತು, ಕಾಲಿನಿಂದ ಚೆಂಡನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಅಲ್ಲಿಂದ ಎದ್ದು, ದಣಿದ ಅದೇ ತೋಳಿನಿಂದ ಲೈನ್‌ಔಟ್‌ನಲ್ಲಿ ಗುರಿಯಿಟ್ಟು ಚೆಂಡು ಎಸೆಯಬೇಕು. ಈ ಪ್ರಶಸ್ತಿಯ ಮೊಟ್ಟಮೊದಲ ವಿಜೇತರು ಐರ್ಲೆಂಡಿನ ನಾಯಕ, ಹೂಕರ್ ಕೀತ್ ವುಡ್. 2001ರ ಅಕ್ಟೋಬರ್‌ನಲ್ಲಿ ಡಬ್ಲಿನ್‌ನಲ್ಲಿ ಇಂಗ್ಲೆಂಡಿನ ಗ್ರ್ಯಾಂಡ್ ಸ್ಲ್ಯಾಮ್ ಕನಸನ್ನು, ಅಂದರೆ ಯುರೋಪಿನ ವಾರ್ಷಿಕ ಟೂರ್ನಿಯ ಎಲ್ಲ ಪಂದ್ಯಗಳನ್ನೂ ಗೆಲ್ಲುವ ಕನಸನ್ನು, ಐರ್ಲೆಂಡ್ 20–14ರಿಂದ ಮುರಿದಾಗ, ಅವರೇ ಎಸೆದ ಲೈನ್‌ಔಟ್‌ನಿಂದ ಚೆಂಡು ಮತ್ತೆ ಅವರ ಕೈಗೆ ಬಂದು ಟ್ರೈ ಆಗಿತ್ತು. ಅವರ ನಂತರ ಮುಂದಿನ ಸಾಲಿನ ಮೂವರಲ್ಲಿ ಒಬ್ಬರಿಗೂ ಪ್ರಶಸ್ತಿ ಬರಲಿಲ್ಲ, 2025ರವರೆಗೆ.

2025ರಲ್ಲಿ ಬಂದದ್ದು ದಕ್ಷಿಣ ಆಫ್ರಿಕಾದ ಹೂಕರ್ ಮಾಲ್ಕಮ್ ಮಾರ್ಕ್ಸ್ ಅವರಿಗೆ. ಮೆಕಾ ಅವರ ಬಗ್ಗೆ ಹೇಳುವಾಗ ವಿವರಿಸಿದ, ಬಾಗಿ ಚೆಂಡು ಕಸಿಯುವ ಆ ಕೆಲಸವನ್ನು ಮುಂದಿನ ಸಾಲಿನ ಭಾರ ಹೊತ್ತುಕೊಂಡೂ ಫ್ಲ್ಯಾಂಕರ್‌ನಷ್ಟೇ ಚೆನ್ನಾಗಿ ಮಾಡುವವರು ಅವರು. 2023ರ ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್ ವಿರುದ್ಧದ ಮೊದಲ ಪಂದ್ಯದ ಬಳಿಕ ಅಭ್ಯಾಸದಲ್ಲಿ ಮಂಡಿಗೆ ಪೆಟ್ಟಾಗಿ ಅವರು ಮನೆಗೆ ಮರಳಬೇಕಾಯಿತು. ಅವರ ಜಾಗಕ್ಕೆ ತಂಡ ಇನ್ನೊಬ್ಬ ಹೂಕರ್‌ನನ್ನು ಕರೆಸದೆ ಫ್ಲೈ ಹಾಫ್ ಹಾಂಡ್ರೆ ಪೊಲಾರ್ಡ್ ಅವರನ್ನು ಕರೆಸಿತು. ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ಗಳಿಸಿದ 12 ಅಂಕಗಳೂ ಪೊಲಾರ್ಡ್ ಅವರ ನಾಲ್ಕು ಪೆನಾಲ್ಟಿ ಒದೆತಗಳಿಂದಲೇ ಬಂದವು. ತನ್ನ ಗಾಯದಿಂದ ತೆರವಾದ ಜಾಗದಲ್ಲಿ ಬಂದವರು ಕಪ್ ಗೆಲ್ಲಿಸಿಕೊಟ್ಟದ್ದನ್ನು ದೂರದಿಂದ ನೋಡಿದ ಮಾರ್ಕ್ಸ್, ಎರಡು ವರ್ಷದಲ್ಲಿ ಆ ಮಂಡಿಯನ್ನು ಸರಿಪಡಿಸಿಕೊಂಡು ಬಂದು ಜಗತ್ತಿನ ಅತ್ಯುತ್ತಮ ಆಟಗಾರ ಎನಿಸಿಕೊಂಡರು.

ಆ ವರ್ಷದ ಅಂತಿಮ ಪಟ್ಟಿಯಲ್ಲಿ ನಾಲ್ಕು ಹೆಸರುಗಳಿದ್ದವು. ಮಾರ್ಕ್ಸ್, ಡು ಟೋಯ್, ಫ್ರಾನ್ಸಿನ ಯುವ ವಿಂಗರ್ ಲೂಯಿ ಬಿಯೆಲ್-ಬಿಯಾರೆ, ಮತ್ತು ಸ್ಕ್ರಮ್‌ನಲ್ಲಿ ಮಾರ್ಕ್ಸ್ ಅವರ ತೋಳಿಗೆ ತೋಳು ಕೊಟ್ಟು ತಳ್ಳುವ ಆಕ್ಸ್ ನ್‌ಚೆ. ನ್‌ಚೆ ಅವರ ಸ್ಥಾನ ಪ್ರಾಪ್.